ಹಸಿ ಕಾಳುಮೆಣಸು

ಹಸಿ ಕಾಳುಮೆಣಸು: ಪೈಪರೇಸೀ ಕುಟುಂಬಕ್ಕೆ ಸೇರಿದ, ಪೈಪರ್ ನೈಗ್ರಮ್ ಎಂಬ ಶಾಸ್ತ್ರೀಯ ಹೆಸರಿನ ಮೆಣಸಿನ ಬಳ್ಳಿಯ ಬಲಿಯದ ಹಸಿರು ಕಾಯಿ. ಈ ಬಳ್ಳಿಯ ಮೂಲ ನೆಲೆ ಪಶ್ಚಿಮಘಟ್ಟ. ಕಾಯಿಯನ್ನು ಒಣಗಿಸಿದರೆ ಕರಿಮೆಣಸು, ಹಣ್ಣಿನ ಸಿಪ್ಪೆ ಕಳೆದರೆ ಬಿಳಿಮೆಣಸು ದೊರೆಯುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಹಸಿಮೆಣಸು ಎಂದರೆ ಹಸಿರು ಮೆಣಸಿನಕಾಯಿ ಎಂದೇ ಅರ್ಥವಾಗುವುದರಿಂದ ಕಾಳನ್ನು ಒಳ್ಳೆಮೆಣಸು ಎಂದು ಬೇರೆಯಾಗಿ ಗುರುತಿಸುತ್ತಾರೆ. ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಬಂದ ಅಮೆರಿಕ ಮೂಲದ ಕಾಯಿಗೆ ಖಾರದ ಸಾಮ್ಯದಿಂದ ಮೆಣಸಿನ ಹೆಸರೇ ಅಂಟಿಕೊಂಡದ್ದು ಇದಕ್ಕೆ ಕಾರಣ.

ಕೊಯ್ಲು ಮತ್ತು ಸಂರಕ್ಷಣೆ: ಮುಂಗಾರಿನಲ್ಲಿ ಹೂತೆನೆ ಬಿಡುವ ಬಳ್ಳಿಯಲ್ಲಿ 4–5 ತಿಂಗಳಿಗೆ ಕಾಯಿ ದುಂಡಗಾಗುತ್ತದೆಯಾದರೂ ಒಳಗಿನ ಬೀಜ ಇನ್ನೂ ಗಟ್ಟಿಯಾಗಿರುವುದಿಲ್ಲ. ವಿಜಯದಶಮಿ ಮುಗಿದು ಚಳಿ ಮೊದಲಾಗುವ ದಿನಗಳಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ ಉತ್ತರ ಕನ್ನಡದ ಅಡಕೆ ತೋಟಗಳಲ್ಲೂ ಕಾಯಿ ಈ ಹದಕ್ಕೆ ಬರುತ್ತದೆ. ಕೊಯ್ದ ಕಾಯಿ ಬಹುಕಾಲ ಹಸಿರಾಗಿ ಉಳಿಯದು. ಅದರ ಸಿಪ್ಪೆಯಲ್ಲಿರುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಜೈವಿಕ ವಸ್ತು, ಗಾಳಿಯ ಆಮ್ಲಜನಕದ ನೆರವಿನಿಂದ ಫೀನಾಲ್ ಸಂಯುಕ್ತಗಳನ್ನು ಮಾರ್ಪಡಿಸಿ ಕಾಯಿಯನ್ನು ಕಪ್ಪಾಗಿಸುತ್ತದೆ. ಕರಿಮೆಣಸಿನ ತಯಾರಿಕೆಗೆ ಅಗತ್ಯವಾದ ಈ ಕ್ರಿಯೆಯನ್ನು ಇಲ್ಲಿ ತಡೆಯಬೇಕಾಗುವುದರಿಂದ, ಕಾಯಿಯನ್ನು ಕೆಲವು ನಿಮಿಷ ಕುದಿನೀರಿನಲ್ಲಿ ಅದ್ದಿ ಕಿಣ್ವವನ್ನು ನಿಷ್ಕ್ರಿಯಗೊಳಿಸಿ ಒಣಗಿಸುತ್ತಾರೆ, ಇಲ್ಲವೆ ಹುಳಿ ಬೆರೆಸಿದ ಉಪ್ಪುನೀರಿನಲ್ಲಿ ಇಡುತ್ತಾರೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಹಸಿರು ಬಣ್ಣ ಉಳಿಸಿಕೊಂಡು ಮೆಣಸನ್ನು ಒಣಗಿಸುವ ವಿಧಾನವನ್ನು ರೂಪಿಸಿದೆ.

ಅಡುಗೆಯಲ್ಲಿ: ಖಾರಕ್ಕೆ ಪೈಪರೀನ್ ಎಂಬ ಕ್ಷಾರಾಭವೂ ಪರಿಮಳಕ್ಕೆ ಪೈನೀನ್, ಸ್ಯಾಬಿನೀನ್, ಲಿಮೊನೀನ್ ಮುಂತಾದವುಗಳಿಂದ ಕೂಡಿದ ಆವಿಶೀಲ ತೈಲವೂ ಕಾರಣ. ಎಳೆಯ ಕಾಯಿಯಲ್ಲಿ ಪಿಷ್ಟ ಕಡಿಮೆ, ತೇವ ಹೆಚ್ಚು ಇರುವುದರಿಂದ ಅದನ್ನು ಇಡಿಯಾಗಿಯೇ ಅಗಿಯಬಹುದು. ಖಾರ ಮೃದು, ಸುವಾಸನೆ ತಾಜಾ. ಮಲೆನಾಡಿನ ಮನೆಗಳಲ್ಲಿ ಗೊಂಚಲನ್ನು ಬಿಡಿಸದೆಯೇ ಉಪ್ಪು, ನಿಂಬೆರಸಗಳಲ್ಲಿ ನೆನೆಸಿ ಉಪ್ಪಿನಕಾಯಿ ಹಾಕುವುದುಂಟು. ಗಂಜಿಗೂ ಮೊಸರನ್ನಕ್ಕೂ ಇದು ಒಪ್ಪುತ್ತದೆ. ಕಾಳನ್ನು ಜಜ್ಜಿ ಸಾರಿಗೆ, ತೆಂಗಿನತುರಿಯೊಡನೆ ರುಬ್ಬಿ ಚಟ್ನಿ, ತಂಬುಳಿಗಳಿಗೆ ಬಳಸಬಹುದು. ಥಾಯ್ಲೆಂಡಿನ ಅಡುಗೆಯಲ್ಲಿ ಹಸಿ ಗೊಂಚಲನ್ನೇ ಬಾಣಲೆಯಲ್ಲಿ ಹುರಿದು ಸೇರಿಸುತ್ತಾರೆ. ಫ್ರಾನ್ಸಿನಲ್ಲಿ ಉಪ್ಪುನೀರಿನ ಹಸಿರು ಮೆಣಸನ್ನು ಕೆನೆಯೊಡನೆ ಕುದಿಸಿ ಮಾಂಸದ ಮೇಲೆ ಸುರಿಯುವ ರಸವನ್ನಾಗಿ ಮಾಡುತ್ತಾರೆ.

ಔಷಧದಲ್ಲಿ: ಆಯುರ್ವೇದವು ಮರಿಚವೆಂದು ಕರೆಯುವ ಮೆಣಸು, ಶುಂಠಿ ಮತ್ತು ಹಿಪ್ಪಲಿಗಳೊಡನೆ ಸೇರಿ ತ್ರಿಕಟುವಾಗುತ್ತದೆ. ಕಫ, ಅಜೀರ್ಣಗಳಿಗೆ ಬಳಸುವ ಈ ಚೂರ್ಣದಲ್ಲಿರುವುದು ಒಣ ಮೆಣಸು. ಹಸಿ ಕಾಯಿಯನ್ನು ಸುಶ್ರುತ ಸಂಹಿತೆ ಮತ್ತು 16ನೆಯ ಶತಮಾನದ ಭಾವಪ್ರಕಾಶ ಆರ್ದ್ರ ಮರಿಚವೆಂದು ಬೇರೆಯಾಗಿಯೇ ಪರಿಗಣಿಸುತ್ತವೆ. ಭಾವಪ್ರಕಾಶದ ಪ್ರಕಾರ ಅದು ರುಚಿಯಲ್ಲಿ ಕಟು, ಜೀರ್ಣವಾದ ಮೇಲೆ ಮಧುರ, ಗುಣದಲ್ಲಿ ಗುರು. ಅತಿಯಾದ ಉಷ್ಣವಲ್ಲ, ಕಫವನ್ನು ಸಡಿಲಿಸುತ್ತದೆ, ಆದರೆ ಪಿತ್ತವನ್ನು ಹೆಚ್ಚಿಸದು. ಈ ವಿವೇಚನೆಗೆ ದ್ರವ್ಯಗುಣ ಎಂದು ಹೆಸರು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ ಕರ್ಕ್ಯುಮಿನ್ 2 ಗ್ರಾಂ ಜೊತೆಗೆ 20 ಮಿಲಿಗ್ರಾಂ ಪೈಪರೀನ್ ಸೇವಿಸಿದವರಲ್ಲಿ ಕರ್ಕ್ಯುಮಿನ್ನಿನ ಜೈವಿಕ ಲಭ್ಯತೆ, ಅಂದರೆ ರಕ್ತಕ್ಕೆ ಸೇರುವ ಪ್ರಮಾಣ, ಶೇ. 2,000ದಷ್ಟು ಹೆಚ್ಚಿದ್ದು ಕಂಡುಬಂತು. ಔಷಧಗಳನ್ನು ವಿಘಟಿಸುವ ಕಿಣ್ವಗಳನ್ನು ಪೈಪರೀನ್ ತಡೆಯುವುದೇ ಇದರ ಒಂದು ಕಾರಣವಾದ್ದರಿಂದ, ಅದೇ ಗುಣ ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್‌ಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲುದು. ಆದುದರಿಂದ ಇಂಥ ಔಷಧ ಸೇವಿಸುವವರು ಮೆಣಸನ್ನು ಊಟದ ಮಿತಿಗಿಂತ ಹೆಚ್ಚಾಗಿ, ಕಷಾಯವಾಗಿಯೋ ಚೂರ್ಣವಾಗಿಯೋ ತೆಗೆದುಕೊಳ್ಳುವ ಮುನ್ನ ವೈದ್ಯರ ಸಲಹೆ ಪಡೆಯುವುದು ಅವಶ್ಯಕ.