ಕಟ್ಟುವ ಕಾಯಕ, ಕಾಯುವ ಕಾಯಕ



ಊರಿನ ಆಯುಷ್ಯವು ಕೆರೆಯ ಆಯುಷ್ಯವನ್ನು ಅವಲಂಬಿಸಿದ ನಾಡು ನಮ್ಮದು. ಇಂದು ಊರು, ರಸ್ತೆ, ನೀರಿನ ಏರ್ಪಾಟುಗಳನ್ನು ರೂಪಿಸುವ ಹೊಣೆ ಬಹುಮಟ್ಟಿಗೆ ಇಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಸಂಸ್ಥೆಗಳ ಕೈಗೆ ಬಂದಿದೆ. ನಕ್ಷೆ ಅವರದು, ಅಂದಾಜುಪಟ್ಟಿ ಅವರದು, ಹಲವೆಡೆ ಮೇಲ್ವಿಚಾರಣೆಯೂ ಅವರದೇ. 'ಸುಸ್ಥಿರ' ಎಂಬ ಮಾತು ಅವರ ವರದಿಗಳಲ್ಲಿ ಪದೇ ಪದೇ ಬರುತ್ತದೆ. ಸುಸ್ಥಿರವೆಂದರೆ ಚೆನ್ನಾಗಿ ನೆಲೆನಿಂತದ್ದು. ನಮ್ಮ ಹಿರಿಯರು ಕಟ್ಟಿದವುಗಳಲ್ಲಿ ಯಾವುದು ನಿಂತಿತು, ಏಕೆ ನಿಂತಿತು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಕಟ್ಟುವ ಕಾಯಕಕ್ಕೆ ಹೆಸರಾದವರು ಸೊನ್ನಲಿಗೆಯ ಸಿದ್ಧರಾಮೇಶ್ವರರು. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಅವರು ಕಟ್ಟಿಸಿದರೆನ್ನಲಾದ ಕೆರೆ ಇಂದಿಗೂ ಆ ನಗರದ ನಡುವೆ ಇದೆ. ಅವರ ಚರಿತ್ರೆಯನ್ನು ರಾಘವಾಂಕನು ಕಾವ್ಯವಾಗಿಸಿದನು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಸಿದ್ಧರಾಮರನ್ನು 'ಒಡ್ಡ'ನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ಪರಿಚಿತ. ಪ್ರಭುಗಳು ಕೆರೆಯನ್ನು ಹಳಿದರೆಂದು ಕೆಲವರು ಭಾವಿಸುವುದುಂಟು. ಅವರು ತಿದ್ದಿದ್ದು 'ನಾನು ಕಟ್ಟಿಸಿದೆ' ಎಂಬ ಅಹಂಭಾವವನ್ನು ಎಂಬುದು ನಮ್ಮ ತಿಳಿವಳಿಕೆ. ಭೋವಿ ಸಮಾಜದವರು ಇಂದಿಗೂ ಸಿದ್ಧರಾಮೇಶ್ವರರನ್ನು ಗುರುವೆಂದು ಆರಾಧಿಸುತ್ತಾರೆ. ಗುದ್ದಲಿ ಹಿಡಿದವರ ಗುರುವೂ ಅನುಭಾವಿಗಳ ಸಂಗಾತಿಯೂ ಒಬ್ಬರೇ ಆದುದು ನಮ್ಮ ಪರಂಪರೆಯ ಭಾಗ್ಯವೆನ್ನಬೇಕು.

ಕೆರೆ ಕಟ್ಟುವುದು ಬರಿಯ ಭಕ್ತಿಯಿಂದ ಆಗುವ ಕೆಲಸವಲ್ಲ, ಅದಕ್ಕೊಂದು ಶಾಸ್ತ್ರವಿತ್ತು. ಇದಕ್ಕೆ ಪ್ರಬಲವಾದ ಸಾಕ್ಷಿ, ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿರುವ 1369ರ ಸಂಸ್ಕೃತ ಶಾಸನ. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿದನು. ದಿನವೂ 1000 ಆಳುಗಳು, 100 ಬಂಡಿಗಳು, ಎರಡು ವರ್ಷಗಳ ದುಡಿಮೆ ಎಂದು ಶಾಸನ ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಜಲಶಾಸ್ತ್ರ ಬಲ್ಲ ಪಂಡಿತ, ಗಟ್ಟಿಯಾದ ಮಣ್ಣು, ಸಿಹಿನೀರಿನ ಹೊಳೆ, ಅತಿ ಉದ್ದವಲ್ಲದ ದೃಢವಾದ ಕಲ್ಲಿನ ಕಟ್ಟೆ, ಹತ್ತಿರದಲ್ಲಿಯೇ ಕಲ್ಲಿನ ಗಣಿ, ಕಟ್ಟುವ ಕಲೆಯಲ್ಲಿ ನುರಿತ ಜನ ಇವು ಅಂಗಗಳಲ್ಲಿ ಕೆಲವು. ಕಟ್ಟೆಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ಅಲ್ಪ ನೀರಿಗೆ ಅಧಿಕ ಭೂಮಿ, ಅಧಿಕ ನೀರಿಗೆ ಅಲ್ಪ ಭೂಮಿ ಇವು ಆರು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿನ ನೀರು ತಂಟೆಗೆ ಮೂಲವೆಂದು ಆರೂವರೆ ಶತಮಾನಗಳ ಹಿಂದೆಯೇ ಕಲ್ಲಿನ ಮೇಲೆ ಕೊರೆಸಿದ ವಿವೇಕವನ್ನು ಏನೆಂದು ಹೊಗಳೋಣ!

ಶಾಸ್ತ್ರ ತಿಳಿದ ಮಾತ್ರಕ್ಕೆ ಕೆರೆ ಬಾಳುವುದಿಲ್ಲ. ಮಳೆಗಾಲ ಬಂದಂತೆಲ್ಲ ಹೂಳು ಬರುತ್ತದೆ, ಏರಿಯ ಮೇಲೆ ಗಿಡ ಬೇರೂರುತ್ತದೆ, ತೂಬು ಸವೆಯುತ್ತದೆ. ಇದನ್ನರಿತ ಹಿರಿಯರು ಕೆರೆಯನ್ನು ಕಟ್ಟಿದಾಗಲೇ ಅದರ ಪೋಷಣೆಗೂ ದಾರಿ ಮಾಡಿದರು. ನಮ್ಮ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ದಸವಂದ, ಕಟ್ಟುಗೊಡಗೆ ಮುಂತಾದ ಶಬ್ದಗಳು ಈ ಏರ್ಪಾಟಿನವು. ಕೆರೆಯನ್ನು ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಅದೇ ಕೆರೆಯ ಕೆಳಗೆ ಭೂಮಿ ಕೊಡುತ್ತಿದ್ದರು. ಕೆರೆ ಒಡೆದರೆ ಊರಿನ ಗದ್ದೆಯೊಡನೆ ಅವನ ಗದ್ದೆಯೂ ಒಣಗುತ್ತಿತ್ತು. ಹೂಳು ಹೊರುವ ಬಂಡಿಗಳಿಗಾಗಿ ದತ್ತಿ ಬಿಟ್ಟ ಶಾಸನಗಳೂ ಉಂಟು. ತೂಬು ತೆರೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಾಯಿಸಲು ನೀರುಗಂಟಿ ಇರುತ್ತಿದ್ದನು. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲು ಸಲ್ಲುತ್ತಿತ್ತು. ಕಟ್ಟುವ ಕೈಯನ್ನೂ ಕಾಯುವ ಕೈಯನ್ನೂ ಒಂದೇ ಹಗ್ಗದಿಂದ ಬಿಗಿದ ಜಾಣ್ಮೆ ಇದು.

ಹಳೆಯದೆಲ್ಲ ಹೊನ್ನೆಂದು ನಾವು ಹೇಳುತ್ತಿಲ್ಲ. ಮಣ್ಣು ಹೊತ್ತವರ ಹೆಸರು ಶಾಸನಗಳಲ್ಲಿ ಕಾಣುವುದು ತೀರ ವಿರಳ. ಕೆರೆಯ ನೀರು ಭೂಮಿಯುಳ್ಳವನ ಗದ್ದೆಗೆ ಹರಿಯಿತು. ಭೂಮಿಯಿಲ್ಲದವನ ಪಾಲಿಗೆ ಕೂಲಿ ಮಾತ್ರ ಉಳಿಯಿತು. ಅದೇ ನೀರನ್ನು ಮುಟ್ಟಲಾಗದೆ ದಡದಲ್ಲಿ ನಿಂತವರೂ ಇದ್ದರು. ಶರಣರ ಕಣ್ಣಿನಿಂದ ನೋಡುವವರು ಈ ಕೊರತೆಯನ್ನು ಮುಚ್ಚಿಡಬಾರದು.

ಆದರೂ ಆ ಏರ್ಪಾಟಿನ ಫಲ ಕಣ್ಣೆದುರಿಗಿದೆ. 19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಸಂಸ್ಥಾನದ ಕೆರೆಗಳನ್ನು ಪರಿಶೀಲಿಸಿ, ಇಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂಬ ಅರ್ಥದ ಮಾತನ್ನು ಬರೆದಿಟ್ಟನು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಒಳಹರಿವಾಗುವಂತೆ ಸರಮಾಲೆಯಾಗಿ ಅವುಗಳನ್ನು ಕಟ್ಟಲಾಗಿತ್ತು. ಕರ್ನಾಟಕದಲ್ಲಿ ಇಂದಿಗೂ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನಲಾಗುತ್ತದೆ. ಆದರೆ ಕೆರೆಗಳ ಹೊಣೆ ಸರಕಾರದ ಇಲಾಖೆಗೆ ಸೇರಿದಾಗ ಒಂದು ಸೂಕ್ಷ್ಮವಾದ ಮಾರ್ಪಾಡಾಯಿತು. ಇಲಾಖೆಗೆ ಶಾಸ್ತ್ರವಿತ್ತು, ದ್ರವ್ಯವೂ ಇತ್ತು. ಕೆರೆಯ ಕೆಳಗೆ ಅದಕ್ಕೆ ಗದ್ದೆ ಇರಲಿಲ್ಲ. 'ನಮ್ಮ ಕೆರೆ' ಎನ್ನುತ್ತಿದ್ದ ಊರು ಕ್ರಮೇಣ 'ಸರಕಾರದ ಕೆರೆ' ಎನ್ನತೊಡಗಿತು.

ಮುಂದೆ ಅಣೆಕಟ್ಟುಗಳ ಯುಗ ಬಂದಿತು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಮುಗಿಯಿತು. ಎರಡು ಗುಡ್ಡಗಳ ನಡುವೆ ಭದ್ರವಾಗಿ ನಿಂತಿರುವ ಆ ಕಟ್ಟೆಯನ್ನು ಕಂಡವರು ಕಟ್ಟಿದವರ ಕೌಶಲಕ್ಕೆ ತಲೆಬಾಗಲೇಬೇಕು. ಆದರೂ ಆ ಜಲಾಶಯ ಕೋಡಿ ಬಿದ್ದದ್ದು 1933ರಲ್ಲಿ; ಮತ್ತೊಮ್ಮೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರಲ್ಲಿ. ಪಾತ್ರೆ ದೊಡ್ಡದು, ಬರುವ ನೀರು ಕಡಿಮೆ. ಅಲ್ಪ ನೀರಿಗೆ ಅಧಿಕ ಭೂಮಿ ಎಂಬ ಪೋರುಮಾಮಿಳ್ಳದ ಎಚ್ಚರಿಕೆ ಇಲ್ಲಿ ನೆನಪಾಗದೆ ಇರದು. ಕಟ್ಟಡ ಎಷ್ಟೇ ದೃಢವಾಗಿದ್ದರೂ ಜಲಾನಯನ ಪ್ರದೇಶದ ಲೆಕ್ಕ ತಪ್ಪಿದರೆ ರೈತನ ಬಾಯಾರಿಕೆ ತೀರುವುದಿಲ್ಲ.

ಇನ್ನೊಂದು ಪಾಠ ತುಂಗಭದ್ರೆಯದು. ಹಂಪೆಯ ಸುತ್ತಮುತ್ತ ವಿಜಯನಗರದ ಅರಸರು ತೆಗೆಸಿದ ತುರ್ತು ಕಾಲುವೆಯಂತಹ ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಬಾಳೆ, ಭತ್ತ ಬೆಳೆಯುತ್ತವೆ. ವರ್ಷವರ್ಷವೂ ಅವುಗಳ ಹೂಳು ತೆಗೆದವರ ಶ್ರಮವೇ ಅವುಗಳ ದೀರ್ಘಾಯುಷ್ಯದ ಗುಟ್ಟು. ಅಲ್ಲಿಗೆ ಅನತಿದೂರದ ತುಂಗಭದ್ರಾ ಜಲಾಶಯದಲ್ಲಿ 1953ರಿಂದ ನೀರು ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ಪೋಲಾಗುತ್ತಿರುವಾಗ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಕೂರಿಸಿ, ಇಂಜಿನಿಯರುಗಳೂ ಕಾರ್ಮಿಕರೂ ಸುಮಾರು ಒಂದು ವಾರದಲ್ಲಿ ಪ್ರವಾಹವನ್ನು ತಡೆದರು. ಅವರ ಸಾಹಸ ಪ್ರಶಂಸನೀಯ. ಆದರೆ ಲಕ್ಷಾಂತರ ಎಕರೆಯ ಬೆಳೆ ಒಂದು ಸರಪಳಿಗೆ ಜೋತುಬಿದ್ದಿತ್ತೆಂಬುದನ್ನು ನಾವು ಮರೆಯಲಾಗದು. ಕಲ್ಲಿನ ಗೋಡೆ ನಿಂತೇ ಇತ್ತು, ಸೋತದ್ದು ಸರಪಳಿ.

ಬೆಂಗಳೂರಿನ ಕಥೆಯೂ ಇದಕ್ಕೆ ಹೊರತಲ್ಲ. 1890ರ ದಶಕದಲ್ಲಿ ಆ ನಗರಕ್ಕೆ ಹೆಸರಘಟ್ಟದ ಕೊಳವೆ ನೀರು ಬಂದಿತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ನೀರು. 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿ. ಒಂದೊಂದು ಹೆಜ್ಜೆಯೂ ಇಂಜಿನಿಯರಿಂಗ್ ವಿದ್ಯೆಯ ವಿಜಯವೇ ಸರಿ. ದೂರದ ನೀರು ಮನೆಬಾಗಿಲಿಗೆ ಬಂದಂತೆ ಮಗ್ಗುಲಿನ ಕೆರೆಯ ಮೇಲಣ ಆಸ್ಥೆ ಕುಗ್ಗಿತು. ರಾಜಕಾಲುವೆಗಳ ಮೇಲೆ ಕಟ್ಟಡಗಳೆದ್ದವು. ಕೆರೆಗಳಿಗೆ ಚರಂಡಿಯ ನೀರು ಹರಿಯಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಮಹಾನಗರದ ಜನ ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತುದನ್ನು ನಾಡೆಲ್ಲ ಕಂಡಿತು.

ಹಾಗಾದರೆ ಇಂದಿನ ಇಂಜಿನಿಯರಿಂಗ್ ಸಂಸ್ಥೆಗಳಿಂದ ನಾವು ಬಯಸಬೇಕಾದುದೇನು? ಅವುಗಳ ವಿದ್ಯೆಯನ್ನು ನಾವು ಸಂದೇಹಿಸುವುದಿಲ್ಲ. ಮಣ್ಣಿನ ಪರೀಕ್ಷೆ, ಮಳೆಯ ಲೆಕ್ಕ, ಉಪಗ್ರಹದ ಚಿತ್ರ ಎಲ್ಲವೂ ಇಂದು ಅವುಗಳ ಕೈಯಲ್ಲಿವೆ. ಕೊರತೆಯಿರುವುದು ಕರಾರಿನಲ್ಲಿ. ಕೆಲಸ ಮುಗಿದು, ಬಿಲ್ಲು ಪಾವತಿಯಾಗಿ, ಹೊಣೆಗಾರಿಕೆಯ ಕೆಲವೇ ವರ್ಷಗಳು ಕಳೆದರೆ ಕಟ್ಟಿದವರಿಗೂ ಕಟ್ಟಡಕ್ಕೂ ಸಂಬಂಧ ಹರಿಯುತ್ತದೆ. ಕೆರೆಯ ಅಭಿವೃದ್ಧಿಯೆಂದು ಸುತ್ತಲೂ ಕಲ್ಲುಹಾಸಿನ ದಾರಿ, ದೀಪ, ಬೇಲಿಗಳನ್ನು ಮಾಡಿ, ನೀರು ಬರುವ ಕಾಲುವೆಯನ್ನೇ ಮರೆತ ಉದಾಹರಣೆಗಳು ವಾಚಕರ ಊರುಗಳಲ್ಲಿಯೂ ಇದ್ದಾವು. ಆದಕಾರಣ ಯಾವ ಯೋಜನೆ ಬಂದರೂ ಗ್ರಾಮಸ್ಥರು ಮೂರು ಪ್ರಶ್ನೆಗಳನ್ನು ಕೇಳಬೇಕು. ನೀರು ಎಲ್ಲಿಂದ ಬರುತ್ತದೆ, ಆ ದಾರಿ ತೆರೆದಿದೆಯೇ? ಮೂವತ್ತು ವರ್ಷಗಳ ನಂತರ ಇದರ ಹೂಳನ್ನು ತೆಗೆಯುವವರು ಯಾರು, ಅದಕ್ಕೆ ಹಣ ಎಲ್ಲಿದೆ? ಇದರ ನೀರಿನಲ್ಲಿ ಭೂಮಿಯಿಲ್ಲದವನ ಪಾಲೆಷ್ಟು? ಈ ಮೂರಕ್ಕೆ ಉತ್ತರವಿಲ್ಲದ ನಕ್ಷೆ ಎಷ್ಟೇ ಅಂದವಾಗಿದ್ದರೂ ಅಪೂರ್ಣ.

ಕಟ್ಟುವುದು ಕಾಯಕವಾದರೆ ಅದನ್ನು ಕಾಪಾಡಿ ಮುಂದಿನವರಿಗೆ ಒಪ್ಪಿಸುವುದು ದಾಸೋಹ. ಮೊದಲನೆಯದಕ್ಕೆ ಉದ್ಘಾಟನೆಯ ಫಲಕವುಂಟು. ಎರಡನೆಯದಕ್ಕೆ ಫಲಕವೂ ಇಲ್ಲ, ಹಾರವೂ ಇಲ್ಲ. ಮಳೆಗಾಲಕ್ಕೆ ಮುನ್ನ ನಿಮ್ಮ ಊರ ಕೆರೆಯ ಏರಿಯ ಮೇಲೆ ಒಮ್ಮೆ ನಡೆದುನೋಡಿರಿ. ತೂಬು, ಕೋಡಿ, ಕಾಲುವೆಗಳು ಹೇಗಿವೆಯೆಂದು ಪರೀಕ್ಷಿಸಿರಿ. ನಾಲ್ಕು ಜನ ಕೂಡಿ ಒಂದು ದಿನ ಗುದ್ದಲಿ ಹಿಡಿದರೆ ಅದೂ ಸಿದ್ಧರಾಮೇಶ್ವರರ ಪೂಜೆಯೇ. ಅಂತಹ ಸದ್ಬುದ್ಧಿಯನ್ನು ಪರಶಿವನು ಸರ್ವರಿಗೂ ಕರುಣಿಸಲೆಂದು ಹಾರೈಸುತ್ತೇವೆ.