ಕೌಜಲಗಿ ನಿಂಗಮ್ಮ

ಶ್ರೀಕೃಷ್ಣ ಪಾರಿಜಾತ ಬಯಲಾಟದ ಹೆಸರಾಂತ ಕಲಾವಿದೆ, ಮೇಳದ ಒಡತಿ; ಊರು ಬೆಳಗಾವಿ ಜಿಲ್ಲೆಯ ಕೌಜಲಗಿ. ಈ ಬಯಲಾಟದ ಮೂಲವಾದ ಅಪರಾಳ ತಮ್ಮಣ್ಣನ ಕೃತಿಯನ್ನು 19ನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದ. ಅಥಣಿ, ರಾಯಬಾಗ, ಗೋಕಾಕ ಸೀಮೆಯ ಜಾತ್ರೆಗಳಲ್ಲಿ ಬೆಳತನಕ ನಡೆಯುವ ಈ ಆಟದ ಕಥೆ ಒಂದು ಹೂವಿನದು: ನಾರದ ತಂದ ಪಾರಿಜಾತ ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಕೊರವಂಜಿಯ ವೇಷದಲ್ಲಿ ಬಂದು ಕಣಿ ಹೇಳುತ್ತಾನೆ. ಗಂಡಸರೇ ಸೀರೆಯುಟ್ಟು ಸ್ತ್ರೀವೇಷ ಕಟ್ಟುತ್ತಿದ್ದ ಅಟ್ಟಕ್ಕೆ 20ನೆಯ ಶತಮಾನದಲ್ಲಿ ನಿಂಗಮ್ಮ ಹೆಣ್ಣಿನ ದನಿ ತಂದರು. ಪಾತ್ರ ವಹಿಸಿದ್ದಕ್ಕಿಂತ ಸ್ವಂತ ಮೇಳ ಕಟ್ಟಿ ನಡೆಸಿದ್ದು ಅವರ ದೊಡ್ಡ ಸಾಧನೆ. ಹಾಡಿಕೆಯಿಂದ ಪಾರಿಜಾತವನ್ನು ಮನೆಮಾತಾಗಿಸಿದವರಲ್ಲಿ ಅವರ ಹೆಸರು ಮೊದಲ ಸಾಲಿನದು. ಅವರ ತರುವಾಯ ಉತ್ತರ ಕರ್ನಾಟಕದ ಪಾರಿಜಾತ ಮೇಳಗಳಲ್ಲಿ ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ರೂಢಿಯಾಯಿತು.