ಅನಂತ ವಿಶ್ವ ಮತ್ತು ದಿನದ ಕರ್ತವ್ಯ: ಮಂತ್ರಾಲಯದ ದ್ವೈತ ಪರಂಪರೆಯಿಂದ ಒಂದು ಉತ್ತರ

ವೀಕ್ಷಣೆಗೆ ಸಿಗುವ ವಿಶ್ವದ ವ್ಯಾಸ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಅದರಾಚೆ ಎಷ್ಟಿದೆ? ಪ್ಲಾಂಕ್ ಉಪಗ್ರಹದ ಅಳತೆಗಳಲ್ಲಿ ವಿಶ್ವಕ್ಕೆ ಬಾಗು ಕಂಡಿಲ್ಲ. ಅದು ಅನಂತವಾಗಿರುವ ಸಾಧ್ಯತೆ ಹಾಗೇ ಉಳಿದಿದೆ. ಅನಂತ ಅವಕಾಶದಲ್ಲಿ ಕಣಗಳ ಜೋಡಣೆ ಮರುಕಳಿಸಲೇಬೇಕು, ಎಲ್ಲೋ ನಮ್ಮ ಪ್ರತಿರೂಪಗಳೂ ಇರಬೇಕು ಎಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2003ರಲ್ಲಿ ವಾದಿಸಿದರು. ತತ್ತ್ವಜ್ಞ ನಿಕ್ ಬಾಸ್ಟ್ರಮ್ 2011ರಲ್ಲಿ ನೀತಿಯ ತೊಡಕನ್ನು ಮುಂದಿಟ್ಟರು: ಜಗತ್ತಿನ ಒಳಿತು ಕೆಡುಕುಗಳು ಈಗಾಗಲೇ ಅನಂತವಾಗಿದ್ದರೆ, ಮನುಷ್ಯ ಏನು ಮಾಡಿದರೂ ಮೊತ್ತ ಬದಲಾಗದು.

ಈ ಪ್ರಶ್ನೆಯನ್ನು ಮಂತ್ರಾಲಯದಲ್ಲಿ ನಿಂತು ಕೇಳಲು ಕಾರಣವಿದೆ. ಆದವಾನಿಯ ಅಧಿಪತಿ ಸಿದ್ದಿ ಮಸೂದ್ ಖಾನನಿಂದ ಇಂದಿನ ಮಂತ್ರಾಲಯವಾದ ಮಂಚಾಲೆ ಗ್ರಾಮವನ್ನು ಪಡೆದು 1671ರಲ್ಲಿ ಅಲ್ಲಿಯೇ ಬೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳು, ದ್ವೈತ ದಾರ್ಶನಿಕ ಜಯತೀರ್ಥರ 'ನ್ಯಾಯಸುಧಾ'ಕ್ಕೆ 'ಪರಿಮಳ'ವೆಂಬ ವ್ಯಾಖ್ಯಾನ ಬರೆದವರು. ರಾಯರೆಂದೇ ಕರೆಯಲಾಗುವ ಈ ಸ್ವಾಮಿಗಳ ಪವಾಡಗಳನ್ನು ಬಲ್ಲವರು ಲಕ್ಷಾಂತರ ಮಂದಿ. ಅವರ ತರ್ಕವನ್ನು ಓದಿದವರು ಬೆರಳೆಣಿಕೆಯಷ್ಟು. ಇದು ನಿಜಕ್ಕೂ ನೋವಿನ ಸಂಗತಿ.

ದ್ವೈತ ಮತದ ಮಾಧ್ವರಿಗೆ ಅನಂತವೆಂಬುದು ಗಾಬರಿಯ ವಿಷಯವೇ ಅಲ್ಲ. ಸೃಷ್ಟಿಗೆ ಒಳಪಡದ ಅವ್ಯಾಕೃತ ಆಕಾಶಕ್ಕೆ ಎಲ್ಲೆಯಿಲ್ಲ, ಕಾಲಕ್ಕೆ ಆದಿಯಿಲ್ಲ. ಎರಡೂ ಸಾಕ್ಷಿಗೆ, ಅಂದರೆ ಆತ್ಮದ ಅರಿವಿನ ಶಕ್ತಿಗೆ, ನೇರವಾಗಿ ಗೋಚರ. ಜೀವರೂ ಅನಂತ. ಆದರೆ ದ್ವೈತ ಹೇಳುವ ಐದು ಬಗೆಯ ಭೇದಗಳಲ್ಲಿ, ಅಂದರೆ ಪಂಚಭೇದಗಳಲ್ಲಿ, ಜೀವ-ಜೀವ ಭೇದವೂ ಒಂದು: ಒಬ್ಬ ಜೀವನ ಸ್ವರೂಪ ಮತ್ತೊಬ್ಬನದಲ್ಲ. ಹಾಗಾದರೆ ದೂರದಲ್ಲೆಲ್ಲೋ ಇದೇ ಕಣಗಳ ಜೋಡಣೆ ಮರುಕಳಿಸಿದರೂ ಅಲ್ಲಿರುವವನು ಇವನಲ್ಲ.

ಈ ಭೇದವೇ ನೀತಿಯ ತೊಡಕಿಗೂ ಉತ್ತರ. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಜಲಾವೃತವಾಯಿತು, ಭಕ್ತರು ನೀರಿನ ನಡುವೆ ಸಿಕ್ಕಿಕೊಂಡರು. ಅಂಥಲ್ಲಿ ಒಬ್ಬರನ್ನು ದಡ ಸೇರಿಸಿದರೆ ವಿಶ್ವದ ಒಟ್ಟು ಲೆಕ್ಕದಲ್ಲಿ ಏನೂ ಕೂಡದಿರಬಹುದು. ಪಾರಾದವರಿಗೆ ಮಾತ್ರ ಎಲ್ಲವೂ ಉಳಿಯಿತು. ಬಾಸ್ಟ್ರಮ್ ತೋರಿಸಿದ ತೊಡಕು ಕಾಡುವುದು ಒಳಿತನ್ನು ಕೂಡಿಸಿ ನೋಡುವ ನೀತಿಯನ್ನು. ವ್ಯಕ್ತಿಯನ್ನೇ ನೋಡುವ ನೀತಿಗೆ ಅದರ ಹಂಗಿಲ್ಲ.

ದ್ವೈತದಲ್ಲಿ ಒಪ್ಪಲು ಕಷ್ಟವಾದದ್ದೂ ಇದೆ. ಕೆಲವು ಜೀವರಿಗೆ ನಿತ್ಯದುಃಖವೇ ಗತಿ ಎಂಬ ತ್ರಿವಿಧ ಜೀವ ಸಿದ್ಧಾಂತ ಇಂದಿನ ಓದುಗನನ್ನು ಕಲಕದೆ ಇರದು. ಆದರೆ ಅದನ್ನು ಬಿಟ್ಟರೂ ಭೇದದ ವಾದ ನಿಲ್ಲುತ್ತದೆ.

ಆಚರಣೆಗೆ ಬಂದರೆ, ರಾಯರ 'ಪ್ರಾತಃಸಂಕಲ್ಪಗದ್ಯ' ಭಗವಂತನ ಅನಂತ ಮಹಿಮೆಯನ್ನು ನೆನೆಯುತ್ತಲೇ ಅಂದಿನ ಕರ್ಮಗಳಿಗೆ ಮನಸ್ಸನ್ನು ಅಣಿಗೊಳಿಸುತ್ತದೆ. ದಿನಕ್ಕೆ 21,600 ಉಸಿರು, ಪ್ರತಿ ಉಸಿರಲ್ಲೂ ಮುಖ್ಯಪ್ರಾಣನಾದ ವಾಯುದೇವರ ಹಂಸಮಂತ್ರ ಜಪ ಎನ್ನುತ್ತದೆ ಈ ಪರಂಪರೆ. ಅನಂತದ ಎದುರಿಗೂ ಇಲ್ಲಿ ಒಂದೊಂದು ಉಸಿರಿಗೆ ಲೆಕ್ಕವಿದೆ. ನಮ್ಮ ತತ್ತ್ವಶಾಸ್ತ್ರ ವಿಭಾಗಗಳು 'ಪರಿಮಳ'ವನ್ನು ಇಂದಿನ ವಿಶ್ವವಿಜ್ಞಾನದ ಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಇನ್ನಾದರೂ ಕೈಗೆತ್ತಿಕೊಳ್ಳಬೇಕು.